ಹೊಳೆಯದ ಕಾರ್ಡು

ಮೆಟ್ಟಿಲ ಕೆಳಗಿನ ಕ್ಲಾಸೆಟ್ಟಿನೊಳಗೆ, ಚಳಿಗಾಲದ ಕೋಟುಗಳ ನಡುವೆ, ಇಬ್ಬರೂ ನುಗ್ಗಿ ಬಾಗಿಲು ಎಳೆದುಕೊಂಡಾಗ ಮೀರಾ ಎರಡು ಲೋಟ ಕಾಫಿ ಹಿಡಿದು ಹೊರಗೆ ನಿಂತಿದ್ದಳು. ಮಟಮಟ ಮಧ್ಯಾಹ್ನ. ಟೊರೊಂಟೊ ಪಕ್ಕದ ಸ್ಟ್ರೀಟ್ಸ್‌ವಿಲ್ಲಿನ ಆ ಮನೆಯ ಹಿತ್ತಿಲಲ್ಲಿ ಹಿಮದ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲಾಗದಷ್ಟು ಬೆಳಕಿತ್ತು. ಒಳಗಿದ್ದವರಲ್ಲಿ ಒಬ್ಬ ಅವಳ ಗಂಡ ಚಂದ್ರಮೋಹನ. ಇನ್ನೊಬ್ಬಳು ರಾಜಲಕ್ಷ್ಮಿ.

“ಇದು ಹೊಳೀಲಿಕತ್ತದ ನೋಡ್ರಿ!” ರಾಜಲಕ್ಷ್ಮಿಯ ಧಾರವಾಡದ ದನಿ ಬಾಗಿಲಾಚೆಯಿಂದ ಕೇಳಿಸಿತು. “ಟ್ಯೂಬ್‌ಲೈಟ್ ಹಂಗ ಹೊಳೀಲಿಕತ್ತದ. ಬಿಟ್ಟುಬಿಡ್ರಿ ಇದನ್ನ.”

“ಅಯ್ಯೋ ನನ್ ಕರ್ಮ,” ಎಂದು ಚಂದ್ರಮೋಹನ ಜೋರಾಗಿ ನಕ್ಕ. ರಾಜಲಕ್ಷ್ಮಿಯೂ ನಕ್ಕಳು.

ಕತ್ತಲೆ ಬೇಕಾಗಿದ್ದದ್ದು ಪರೀಕ್ಷೆಗೆ. ರಾಜಲಕ್ಷ್ಮಿಯ ಬಳಿ ನೇರಳೆ ಬೆಳಕು ಬೀರುವ ಪುಟ್ಟ ದೀಪವೊಂದಿತ್ತು. ಈಗಿನ ಕಾಗದಕ್ಕೆ ಬಿಳುಪು ಬರಲೆಂದು ಬೆರೆಸುವ ರಾಸಾಯನಿಕ ಆ ಬೆಳಕಿಗೆ ನೀಲಿಯಾಗಿ ಮಿನುಗುತ್ತದೆ. ಅರವತ್ತು ವರ್ಷದ ಹಿಂದಿನ ರಟ್ಟಿನಲ್ಲಿ ಅದು ಇರುವುದಿಲ್ಲ, ಆದ್ದರಿಂದ ಹಳೆಯ ಕಾರ್ಡು ಮಂಕಾಗಿ, ಸತ್ತಂತೆ ಬಿದ್ದಿರುತ್ತದೆ. ಹೊಳೆದರೆ ನಕಲಿ. ಮನೆಯಲ್ಲಿ ಕಿಟಕಿಯಿಲ್ಲದ ಜಾಗ ಅದೊಂದೇ. ಇಷ್ಟೆಲ್ಲ ಮೀರಾಳಿಗೆ ಗೊತ್ತಿತ್ತು. ಆದರೂ ಕಾಫಿ ಲೋಟ ಹಿಡಿದ ಅವಳ ಬೆರಳುಗಳು ಸುಡುತ್ತಿದ್ದದ್ದು ಬರೀ ಕಾಫಿಯ ಬಿಸಿಗಲ್ಲ.

ಈ ಹುಚ್ಚು ಚಂದ್ರಮೋಹನನಿಗೆ ಹತ್ತಿದ್ದು ಟೊರೊಂಟೊದ ತಂಡ ಸತತ ಎರಡು ವರ್ಷ ಬೇಸ್‌ಬಾಲಿನಲ್ಲಿ ಗೆದ್ದಾಗ. ಮೈಸೂರಿನಲ್ಲಿ ಕ್ರಿಕೆಟ್ಟನ್ನೂ ಸರಿಯಾಗಿ ನೋಡದಿದ್ದ ಎಲೆಕ್ಟ್ರಿಕಲ್ ಎಂಜಿನಿಯರು, ಊರಿಗೆ ಊರೇ ಬೀದಿಗಿಳಿದು ಕುಣಿದದ್ದನ್ನು ಕಂಡು ತಾನೂ ಕುಣಿದ. ಆಟಗಾರರ ಕಾರ್ಡು ಕೊಳ್ಳಲು ಶುರುಮಾಡಿದ. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಅಂಕಿಅಂಶ, ಅಂಗೈಯಲ್ಲಿ ಅಡಗುವಷ್ಟು ರಟ್ಟಿನ ಚೂರು. ಮರುವರ್ಷ ಆಟಗಾರರು ಮುಷ್ಕರ ಹೂಡಿ ಸೀಸನ್ನು ಅರ್ಧಕ್ಕೇ ನಿಂತಾಗ ಅವನು ಹೊಸಬರ ಮೇಲೆ ಸಿಟ್ಟಾಗಿ ಹಳಬರ ಕಡೆ ತಿರುಗಿದ. ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ ಬಬಲ್‌ಗಮ್ ಜೊತೆ ಮಕ್ಕಳಿಗೆ ಸಿಗುತ್ತಿದ್ದ ಕಾರ್ಡುಗಳೆಂದರೆ ಪ್ರಾಣ. ಹಳೆಯದರ ಹಿಂದೆ ಹೋದವನಿಗೆ ಅಸಲಿ ಯಾವುದು, ಮರುಮುದ್ರಣ ಯಾವುದು ಎಂಬ ಪೀಕಲಾಟವೂ ಅಂಟಿಕೊಂಡಿತು. ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚುಹಾಕುವ ಕಂಪನಿಗಳು ಬೆನ್ನಿಗೆ ‘ರೀಪ್ರಿಂಟ್’ ಎಂದು ಹಾಕಿಯೇ ಮಾರುತ್ತಿದ್ದವು. ಆ ಅಕ್ಷರವನ್ನು ಕೆರೆದು, ಮೂಲೆ ಸವೆಸಿ, ಚಹಾದಲ್ಲಿ ಅದ್ದಿ ಅಜ್ಜನ ಕಾಲದ್ದೆಂದು ಮಾರುವವರೂ ಇದ್ದರು.

ರಾಜಲಕ್ಷ್ಮಿ ಸಿಕ್ಕಿದ್ದು ಕನ್ನಡ ಸಂಘದ ಯುಗಾದಿ ಊಟದಲ್ಲಿ. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ ಬಂದು, ರೆಕ್ಸ್‌ಡೇಲಿನ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮೀರಾಳಿಗಿಂತ ಒಂದೆರಡು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಅವಳು ಹೆಂಡತಿ ಸತ್ತ ಮುದುಕನೊಬ್ಬನ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದಳಂತೆ. ಅವನು ರೇಡಿಯೊದ ಮುಂದೆ ಕೂರಿಸಿಕೊಂಡು ಆಟ ಕಲಿಸಿದನಂತೆ. ಸಾಯುವ ಮುಂಚೆ ತನ್ನ ಬಾಲ್ಯದ ಕಾರ್ಡುಗಳಿದ್ದ ಷೂ ಡಬ್ಬವನ್ನು ಅವಳ ಕೈಗೆ ಕೊಟ್ಟನಂತೆ. ಪಾಯಸದ ಬಟ್ಟಲು ಹಿಡಿದುಕೊಂಡು ಇದನ್ನು ಕೇಳಿದ ಚಂದ್ರಮೋಹನನ ಮುಖ ಅರಳಿದ್ದನ್ನು ಮೀರಾ ದೂರದಿಂದಲೇ ಕಂಡಿದ್ದಳು. ಆಮೇಲೆ ಪ್ರತಿ ಭಾನುವಾರವೂ ರಾಜಲಕ್ಷ್ಮಿಯ ಕೆಂಪು ಕಾರು ಡ್ರೈವ್‌ವೇಯಲ್ಲಿ ಬಂದು ನಿಲ್ಲತೊಡಗಿತು.

“ಅಕ್ಕಾ, ಭಾವಂಗೆ ಅಫೇರ್ ಮಾಡೋ ಎನರ್ಜಿ ಎಲ್ಲಿದೆ?” ಎಂದು ಸ್ಕಾರ್‌ಬರೋದಲ್ಲಿದ್ದ ತಂಗಿ ಚಿತ್ರಾ ಫೋನಿನಲ್ಲಿ ನಕ್ಕಳು. “ಗಾರ್ಬೇಜ್ ಹೊರಗಿಡೋಕೇ ಹತ್ತು ಸಲ ಹೇಳ್ಬೇಕು ನೀನು.”

“ಅಫೇರ್ ಆಗಿದ್ರೆ ಜಗಳ ಆದ್ರೂ ಆಡ್ಬಹುದಿತ್ತು ಕಣೇ. ಇದಕ್ಕೆ ಏನಂತ ಆಡ್ಲಿ? ಇಬ್ರೂ ಒಂದೇ ಭೂತಗನ್ನಡೀಲಿ ನೋಡ್ತಾರೆ ಅಂತಲಾ?”

“ಮತ್ತೆ ನೀನೂ ಹೋಗಿ ಕೂತ್ಕೋ.”

“ಕರೀಬೇಕಲ್ವಾ?”

ಅದೇ ಸಂಗತಿ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನು, ಬಾ ಮೀರಾ, ಇದನ್ನು ನೋಡು ಎಂದಿರಲಿಲ್ಲ. ಅವಳಿಗೆ ಬೇಸರವಾದೀತೆಂದು ಅಂದುಕೊಂಡಿದ್ದನೋ ಏನೋ. ರಾಜಲಕ್ಷ್ಮಿ ಬಂದ ದಿನ ಅವನು ಗಡ್ಡ ಹೆರೆದುಕೊಳ್ಳುತ್ತಿದ್ದ. ಅವಳು ಏನೋ ಹೇಳಿದರೆ ಅರ್ಧಕ್ಕೇ ಅರ್ಥ ಮಾಡಿಕೊಂಡು ತಲೆಯಾಡಿಸುತ್ತಿದ್ದ. ವಾರದ ಮಧ್ಯದಲ್ಲಿ ಊಟಕ್ಕೆ ಕೂತಾಗಲೂ “ರಾಜಲಕ್ಷ್ಮಿ ಏನಂತಾರೆ ಗೊತ್ತಾ?” ಎಂದೇ ಮಾತು ತೆಗೆಯುತ್ತಿದ್ದ. ಮೀರಾ ಸಾರು ಬಡಿಸುತ್ತ “ಗೊತ್ತಿಲ್ಲ” ಎನ್ನುತ್ತಿದ್ದಳು. ಅವಳ ದನಿಯಲ್ಲಿದ್ದ ಮುಳ್ಳು ಮಗಳು ಸಾಹಿತ್ಯಾಳಿಗೆ ಚುಚ್ಚುತ್ತಿತ್ತೇ ಹೊರತು ಅವನಿಗಲ್ಲ.

ಆ ವರ್ಷ ಮೇ ತಿಂಗಳಲ್ಲಿ ಅವನ ಹುಟ್ಟುಹಬ್ಬ ಬಂತು. ಮೀರಾ ಒಂದು ಉಪಾಯ ಮಾಡಿದಳು. ಕ್ವೀನ್ ಸ್ಟ್ರೀಟಿನಲ್ಲಿದ್ದ ಹಳೆಯ ಸಾಮಾನಿನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅವಳಿಗೊಂದು ಕಾರ್ಡು ಕಂಡಿತ್ತು. ಹಳದಿ ಹಿನ್ನೆಲೆ, ಬ್ಯಾಟು ಹೆಗಲ ಮೇಲಿಟ್ಟು ಓರೆಯಾಗಿ ನೋಡುವ ಉದ್ದ ಮೂಗಿನ ಆಟಗಾರ. ಅಂಗಡಿಯವನು ತನ್ನ ತಾತನ ಪೆಟ್ಟಿಗೆಯದೆಂದು ಆಣೆ ಮಾಡಿದ. ಅವಳು ಯಾರನ್ನೂ ಕೇಳದೆ ಕೊಂಡಳು. ರಾಜಲಕ್ಷ್ಮಿಗೂ ಸಿಗದ್ದು ತನಗೆ ಸಿಕ್ಕಿತೆಂಬ ಹಿಗ್ಗಿನಲ್ಲಿ ಮನೆಯ ತನಕ ಕಾಲು ನೆಲಕ್ಕೆ ತಾಗಲಿಲ್ಲ.

ಹುಟ್ಟುಹಬ್ಬಕ್ಕೆ ಚಿತ್ರಾಳ ಮನೆಯವರು ಬಂದಿದ್ದರು, ರಾಜಲಕ್ಷ್ಮಿಯೂ ಬಂದಿದ್ದಳು. ಪೊಟ್ಟಣ ಬಿಚ್ಚಿದ ಚಂದ್ರಮೋಹನ ಕಾರ್ಡನ್ನು ಅಂಚಿನಲ್ಲಿ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ.

“ನೀನು ಹುಡುಕಿದ್ದಾ? ನೀನೇನಾ?”

“ಮತ್ತಿನ್ಯಾರು?”

ಅವನು ಕಾರ್ಡು ತಿರುಗಿಸಿ ನೋಡಿದ. ಆಮೇಲೆ ಎಂದಿನ ಅಭ್ಯಾಸದಂತೆ ಅದನ್ನು ರಾಜಲಕ್ಷ್ಮಿಯ ಕೈಗೆ ಕೊಟ್ಟ. ರಾಜಲಕ್ಷ್ಮಿ ಪರ್ಸಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೊತ್ತಿ ಬಾಗಿದಳು. ತಲೆಯೆತ್ತಿದಾಗ ಅವಳ ಕಣ್ಣು ಮೊದಲು ಚಂದ್ರಮೋಹನನ ಕಡೆ, ಆಮೇಲೆ ಮೀರಾಳ ಕಡೆ ಹೋಯಿತು.

“ಭಾಳ ಛಲೋ ಅದ,” ಎಂದಳು. “ಇಂಥಾದ್ದು ಸಿಗೂದಂದ್ರ ಪುಣ್ಯಾ ಮಾಡಿರಬೇಕು. ಮೀರಾ ಅವರ ಕಣ್ಣಿಗೆ ಬಿತ್ತಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಮೀರಾ ಅವತ್ತು ರಾಜಲಕ್ಷ್ಮಿಗೆ ಬಿಸಿಬೇಳೆಬಾತಿನ ಮೇಲೆ ಒಂದು ಸೌಟು ತುಪ್ಪ ಹೆಚ್ಚಾಗಿಯೇ ಹಾಕಿದಳು. ಗೆದ್ದವಳ ಧಾರಾಳತನ ಅದು.

ಕೆಲವು ವಾರ ಅವಳು ಆ ಗೆಲುವಿನಲ್ಲೇ ತೇಲಿದಳು. ಚಂದ್ರಮೋಹನ ಕಾರ್ಡಿಗೆ ಕಟ್ಟು ಹಾಕಿಸಿ ತನ್ನ ಮೇಜಿನ ಮೇಲಿಟ್ಟಿದ್ದ. ಭಾನುವಾರದ ಮಾತಿನಲ್ಲಿ ಇನ್ನು ತಾನೂ ಸೇರಬಹುದೆಂದು ಮೀರಾ ಲೈಬ್ರರಿಯಿಂದ ಪುಸ್ತಕಗಳನ್ನು ತಂದಳು. ಮಗಳು ಸ್ಕೂಲಿಗೆ, ಗಂಡ ಆಫೀಸಿಗೆ ಹೋದ ಮೇಲೆ ಅವನ ಭೂತಗನ್ನಡಿ ತೆಗೆದುಕೊಂಡು ಅಡಿಗೆಮನೆಯ ಕಿಟಕಿಯ ಬೆಳಕಿನಲ್ಲಿ ಕೂತು ಒಂದೊಂದೇ ಕಾರ್ಡನ್ನು ಪುಸ್ತಕದ ಪ್ರಕಾರ ನೋಡತೊಡಗಿದಳು. ಅದು ಅವಳಿಗೆ ಇಷ್ಟವಾಗಿಬಿಟ್ಟಿತು, ಅವಳಿಗೇ ಆಶ್ಚರ್ಯವಾಗುವಷ್ಟು. ಅಸಲಿ ಕಾರ್ಡಿನಲ್ಲಿ ಆಟಗಾರನ ಹೆಸರಿನ ಅಕ್ಷರಗಳು ಒಂದೇ ಎರಕದ ಗಟ್ಟಿ ಮಸಿಯಲ್ಲಿ ಕೂತಿರುತ್ತವೆ. ಮರುಮುದ್ರಣವೆಂದರೆ ಹಳೆಯ ಕಾರ್ಡಿನ ಫೋಟೊ ತೆಗೆದು ಅಚ್ಚುಹಾಕಿದ್ದು. ಅದರಲ್ಲಿ ಚಿತ್ರದಂತೆಯೇ ಅಕ್ಷರವೂ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದುಹೋಗಿರುತ್ತದೆ. ಒಂದು ಸಲ ಕಣ್ಣಿಗೆ ಹತ್ತಿತೆಂದರೆ ಮತ್ತೆ ಮರೆಯುವಂಥದ್ದಲ್ಲ.

ಕೊನೆಗೊಂದು ದಿನ ತಾನು ಕೊಟ್ಟ ಕಾರ್ಡನ್ನು ಕಟ್ಟಿನಿಂದ ಬಿಡಿಸಿ ತಂದಳು. ಆ ಸೊಗಸಾದ ಗಟ್ಟಿ ಅಕ್ಷರಗಳನ್ನು ನೋಡಿ ಸಂತೋಷಪಡೋಣವೆಂದೇ ಗಾಜನ್ನು ಕಣ್ಣಿಗಿಟ್ಟಳು.

ಚುಕ್ಕಿಗಳು. ಹೆಸರಿನ ಮೊದಲಕ್ಷರದಿಂದ ಕೊನೆಯಕ್ಷರದ ತನಕ ಬರೀ ಚುಕ್ಕಿಗಳು.

ನಕಲಿ ಕೊಂಡೆನೆಂಬ ಅವಮಾನ ಒಂದು ನಿಮಿಷವೂ ನಿಲ್ಲಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು. ಇದು ಇಷ್ಟು ನಿಚ್ಚಳವಾಗಿ ತನ್ನಂಥ ಹೊಸಬಳಿಗೇ ಕಾಣಿಸುವಾಗ ರಾಜಲಕ್ಷ್ಮಿಗೆ ಕಾಣಿಸಲಿಲ್ಲವೇ? ಆ ದಿನ ಅವಳ ಕಣ್ಣು ಮೊದಲು ಯಾರ ಕಡೆ ಹೋಯಿತು?

ಸಂಜೆ ಚಂದ್ರಮೋಹನ ಬೂಟು ಬಿಚ್ಚುವುದಕ್ಕೂ ಬಿಡದೆ ಅವಳು ಕಾರ್ಡನ್ನು ಮುಂದೆ ಹಿಡಿದಳು.

“ರೀ, ಇದು ರೀಪ್ರಿಂಟು. ನಿಮಗೆ ಗೊತ್ತಿತ್ತಾ?”

ಅವನು ಕಾರ್ಡು ನೋಡಲಿಲ್ಲ, ಬಾಗಿಲ ಮ್ಯಾಟು ನೋಡಿದ. “ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು. ರಟ್ಟು ತೆಳ್ಳಗಿತ್ತು.”

“ಅವರಿಗೂ?”

“ಹ್ಞೂಂ.”

“ಇಬ್ರೂ ಇದರ ಬಗ್ಗೆ ಮಾತಾಡ್ಕೊಂಡ್ರಾ?”

“ಮೀರಾ, ನಿನಗೆ ಬೇಜಾರಾಗ್ಬಾರ್ದು ಅಂತ…”

“ಮಾತಾಡ್ಕೊಂಡ್ರಾ ಅಂತ ಕೇಳಿದ್ದು.”

“ಅದರ ಮುಂದಿನ ಭಾನುವಾರ. ಅವರೇ ಹೇಳಿದ್ರು, ಯಾವತ್ತೂ ಹೇಳ್ಬೇಡಿ, ಪ್ರೀತಿಯಿಂದ ತಂದಿದ್ದಾರೆ ಅಂತ. ಅದರಲ್ಲಿ ತಪ್ಪೇನಿದೆ?”

ತಪ್ಪೇನೂ ಇರಲಿಲ್ಲ, ಅದೇ ಅವಳನ್ನು ಸುಟ್ಟಿತು. ಇಷ್ಟು ದಿನ ಆ ಇಬ್ಬರ ನಡುವೆ ಇದ್ದದ್ದು ಯಾರದೋ ಕಾರ್ಡುಗಳು. ಈಗ ಅವಳೇ ಅವರ ಗುಟ್ಟಾಗಿದ್ದಳು. ಅವಳಿಗೆ ನೋವಾಗದಂತೆ ಅವರಿಬ್ಬರೂ ಕೂತು ಏರ್ಪಾಟು ಮಾಡಿಕೊಂಡಿದ್ದರು, ಚಿಕ್ಕ ಮಗುವಿನ ವಿಷಯದಲ್ಲಿ ಅಪ್ಪ ಅಮ್ಮ ಮಾಡಿಕೊಳ್ಳುವ ಹಾಗೆ. ತಾನು ಹೆಚ್ಚಾಗಿ ಬಡಿಸಿದ ತುಪ್ಪ ನೆನಪಾಗಿ ಮೀರಾಳಿಗೆ ಮೈಯೆಲ್ಲ ಕುದಿಯಿತು.

ಮರುದಿನ ಶನಿವಾರ. ಅವಳು ಕಾರು ತೆಗೆದುಕೊಂಡು ಒಬ್ಬಳೇ ರೆಕ್ಸ್‌ಡೇಲಿಗೆ ಹೋದಳು. ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ರಾಜಲಕ್ಷ್ಮಿಯ ಚಿಕ್ಕ ಮನೆ. ಬಾಗಿಲು ತೆರೆದವಳ ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

“ಬರ್ರಿ ಬರ್ರಿ, ಏನು ಒಬ್ಬರ ಬಂದ್ರಿ?”

ಮೀರಾ ಹೊಸ್ತಿಲು ದಾಟಲಿಲ್ಲ. “ಅದು ನಕಲಿ ಅಂತ ನೀವು ಯಾಕೆ ಹೇಳ್ಲಿಲ್ಲ?”

ರಾಜಲಕ್ಷ್ಮಿಗೆ ಯಾವುದೆಂದು ಕೇಳುವ ಅಗತ್ಯ ಬೀಳಲಿಲ್ಲ. ಮೊಣಕೈಯಿಂದ ಬಾಗಿಲನ್ನು ಇನ್ನಷ್ಟು ತೆರೆದು ನಿಂತಳು. “ಅಷ್ಟು ಮಂದಿ ಮುಂದ ಹೆಂಗ್ರಿ ಹೇಳೋದು?”

“ಆಮೇಲೆ ಹೇಳ್ಬಹುದಿತ್ತು. ನನಗೆ ಹೇಳ್ಬಹುದಿತ್ತು. ಅವರ ಹತ್ರ ಹೇಳಿದ್ರಲ್ಲ!”

“ತಪ್ಪಾತು.”

“ನನ್ನ ಮೇಲೆ ಕನಿಕರ ತೋರ್ಸೋಕೆ ನೀವ್ಯಾರು? ನನ್ನ ಗಂಡ, ನನ್ನ ಮನೆ, ನಾನು ತಂದ ಕಾರ್ಡು. ಪ್ರತಿ ಭಾನುವಾರ ಬಂದು ನನ್ನ ಕೈಯಲ್ಲೇ ಕಾಫಿ ಮಾಡಿಸ್ಕೊಂಡು ಕುಡೀತೀರ. ನಿಮಗೆ ಏನು ಬೇಕು ಹೇಳಿ.”

ರಾಜಲಕ್ಷ್ಮಿ ಕೈಯ ಹಿಟ್ಟನ್ನು ಉಜ್ಜಿಕೊಂಡಳು. ಅವಳು ಅತ್ತಿದ್ದರೆ, ಇಲ್ಲವೇ ಸಿಟ್ಟಾಗಿದ್ದರೆ ಮೀರಾಳಿಗೆ ಸುಲಭವಾಗುತ್ತಿತ್ತು.

“ಸುಳ್ಳು ಯಾಕ ಹೇಳ್ಲಿ,” ಎಂದಳು. “ನಿಮ್ಮ ಗಂಡ ನನಗ ಬ್ಯಾಡ್ರಿ. ಆದ್ರ ಆ ಭಾನುವಾರ ಬೇಕಾಗಿತ್ತು. ವಾರ ಪೂರ್ತಿ ನನ್ನ ಕೂಡ ಯಾರೂ ಕನ್ನಡ ಮಾತಾಡೂದಿಲ್ಲ. ಒಂದು ಮನ್ಯಾಗ ಒಗ್ಗರಣಿ ವಾಸನಿ, ಮ್ಯಾಲ ಮಗಳು ಹಾಡು ಹಚ್ಚಿರ್ತಾಳ, ಒಬ್ಬರು ಕಾಫಿ ತಂದು ಕೊಡ್ತಾರ. ನಿಮ್ಮನ್ನ ನೋಡಿದಾಗೆಲ್ಲ ನನಗೂ ಹೊಟ್ಟಿ ಉರೀತಿತ್ತು.”

ಮೀರಾ ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಮನಸ್ಸು ಕರಗುವ ಸೂಚನೆ ಕಂಡಿತು, ಕರಗಲು ಬಿಡಬಾರದೆಂದು ಹಟ ಹಿಡಿದಳು. “ಹಾಗಿದ್ರೆ ಇನ್ಮೇಲೆ ಬರ್ಬೇಡಿ,” ಎಂದು ಹೇಳಿ ತಿರುಗಿ ಬಂದುಬಿಟ್ಟಳು.

ರಾಜಲಕ್ಷ್ಮಿ ಬರಲಿಲ್ಲ. ಅವಳು ಚಂದ್ರಮೋಹನನಿಗೆ ಫೋನಿನಲ್ಲಿ ಏನು ಹೇಳಿದಳೋ, ಅವನು ಹೆಂಡತಿಯನ್ನು ಏನೂ ಕೇಳಲಿಲ್ಲ. ಒಂದೆರಡು ಭಾನುವಾರ ಒಬ್ಬನೇ ಕಾರ್ಡುಗಳನ್ನು ಹರಡಿಕೊಂಡು ಕೂತ. ಮೂರನೆಯ ವಾರ ಎಲ್ಲವನ್ನೂ ಬೇಸ್‌ಮೆಂಟಿಗೆ ಸಾಗಿಸಿ ಟಿವಿ ಹಚ್ಚಿಕೊಂಡ. ಸಾಹಿತ್ಯ ಮಾತ್ರ “Where's Rajalakshmi aunty?” ಎಂದು ಕೇಳಿದಳು.

ಮೀರಾಳಿಗೆ ಗಂಡ ಪೂರ್ತಿಯಾಗಿ ಸಿಕ್ಕಿದ್ದ, ಸೋಫಾದ ಮೇಲೆ, ಬಾಯಿ ಮುಚ್ಚಿಕೊಂಡು. ಒಂದು ದಿನ ಅವಳೇ ಒಂದು ಕಾರ್ಡು ತಂದು, “ರೀ, ಇದರ ಅಂಚು ನೋಡಿ. ಒಳಗೆ ಬಿಳಿ, ಮೇಲೆ ಮಾತ್ರ ಕಂದು. ಚಹಾದಲ್ಲಿ ಅದ್ದಿರ್ಬೇಕು, ಅಲ್ವಾ?” ಎಂದಳು. ಅವನು ಕತ್ತೆತ್ತಿ, “ಇರಬಹುದು. ರಾಜಲಕ್ಷ್ಮಿಯವರು ಇದ್ದಿದ್ರೆ…” ಎಂದು ಶುರುಮಾಡಿ ನಿಲ್ಲಿಸಿದ. ಆ ಅರ್ಧ ಮಾತಿಗೆ ಮೀರಾಳ ಒಳಗಿನ ಕಿಚ್ಚು ಮತ್ತೆ ಭುಗ್ಗೆಂದಿತು. ಎದುರಿಗಿಲ್ಲದ ಹೆಂಗಸಿನ ಜೊತೆ ಸೆಣಸುವುದು ಎದುರಿಗಿದ್ದವಳ ಜೊತೆಗಿಂತ ಕಷ್ಟವೆಂದು ಅವಳಿಗೆ ಅರಿವಾಯಿತು.

ಆದರೂ ಅವಳು ಕಾರ್ಡು ಬಿಡಲಿಲ್ಲ. ಬೇಸಿಗೆಯಿಡೀ ಕಲಿತಳು. ಕ್ವೀನ್ ಸ್ಟ್ರೀಟಿನ ಅಂಗಡಿಗೆ ಹೋಗಿ, ಆಣೆ ಮಾಡಿದವನ ಮುಂದೆ ಅವನದೇ ಕಾರ್ಡನ್ನು ಗಾಜಿನ ಕೆಳಗಿಟ್ಟು ತೋರಿಸಿದಳು. ಅವನು ಕೆಂಪಾಗಿ, ತನಗೂ ಯಾರೋ ಟೋಪಿ ಹಾಕಿದರೆಂದು ಗೊಣಗುತ್ತ ದುಡ್ಡು ವಾಪಸು ಕೊಟ್ಟ.

ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣದ ಹತ್ತಿರದ ಸಭಾಂಗಣದಲ್ಲಿ ಕಾರ್ಡುಗಳ ದೊಡ್ಡ ಮಾರಾಟ ಮೇಳ ನಡೆಯಿತು. ಚಂದ್ರಮೋಹನ ತಲೆನೋವೆಂದು ಮಲಗಿದ. ಮೀರಾ ಒಬ್ಬಳೇ ಹೊರಟಳು. ಸಾಲು ಸಾಲು ಮೇಜು, ಬೇಸ್‌ಬಾಲ್ ಟೋಪಿಯ ಗಂಡಸರ ಜಂಗುಳಿ. ಅದರ ನಡುವೆ, ಮೂಲೆಯ ಮೇಜೊಂದರ ಬಳಿ, ನೀಲಿ ಸ್ವೆಟರಿನ ಬೆನ್ನೊಂದನ್ನು ಅವಳು ಗುರುತು ಹಿಡಿದಳು. ತಿರುಗಿ ಹೋಗೋಣವೆನ್ನಿಸಿತು. ಅಷ್ಟರಲ್ಲಿ ರಾಜಲಕ್ಷ್ಮಿಯೇ ತಿರುಗಿ ನೋಡಿದಳು. ಅವಳ ಮುಖದಲ್ಲಿ ಎಂಥ ಉದ್ವೇಗವಿತ್ತೆಂದರೆ, ಹಳೆಯ ಜಗಳಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

“ಮೀರಾ ಅವರ, ಇಲ್ಲಿ ಬರ್ರಿ. ಕ್ಯಾಚರ್ ಸಿಕ್ಕಾನ ನೋಡ್ರಿ!”

ಬ್ಯಾಟು ಬೀಸುವವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನೇ ಕ್ಯಾಚರ್. ಮುದುಕನ ಡಬ್ಬದಲ್ಲಿ ಅವನ ನೆಚ್ಚಿನ ಕ್ಯಾಚರನ ಕಾರ್ಡೊಂದು ಮಾತ್ರ ಇರಲಿಲ್ಲ. ಹುಡುಗನಾಗಿದ್ದಾಗ ಅದನ್ನು ಕೆರೆಯ ಹೆಪ್ಪುಗಟ್ಟಿದ ಮಂಜಿನ ಮೇಲೆ ಕಳೆದುಕೊಂಡು, ಸಾಯುವ ತನಕ ಅದನ್ನೇ ಹೇಳುತ್ತಿದ್ದನಂತೆ. ರಾಜಲಕ್ಷ್ಮಿ ವರ್ಷಗಳಿಂದ ಹುಡುಕುತ್ತಿದ್ದಳು.

“ಮೇಜಿನ ಕೆಳಗ ಕತ್ತಲಾಗ ದೀಪ ಹಿಡಿದು ನೋಡಿದೆ, ಎಳ್ಳಷ್ಟೂ ಹೊಳೀಲಿಲ್ಲ. ಖರೇ ಹಳೇ ರಟ್ಟು. ತಗೋತೀನಿ.” ಅವಳ ಕೈ ಆಗಲೇ ಪರ್ಸಿನಲ್ಲಿತ್ತು.

“ನಾನು ನೋಡ್ಲಾ?” ಎಂದಳು ಮೀರಾ.

ಗಟ್ಟಿ ಪ್ಲಾಸ್ಟಿಕ್ಕಿನೊಳಗಿದ್ದ ಕಾರ್ಡನ್ನು ಹೊರತೆಗೆಯಲು ಮಾರುವವನು ಕೊಸರಾಡಿದ. ಮೀರಾ ಪಟ್ಟು ಹಿಡಿದಳು. ರಟ್ಟು ಹಳೆಯದೇ, ಅನುಮಾನವಿಲ್ಲ. ಆದರೆ ನಾಲ್ಕೂ ಮೂಲೆಗಳು ಅಚ್ಚುಕಟ್ಟಾಗಿ ಒಂದೇ ಅಳತೆಗೆ ದುಂಡಗಾಗಿದ್ದವು. ಹುಡುಗರ ಜೇಬಿನಲ್ಲಿ ಉರುಳಾಡಿದ ಕಾರ್ಡು ಹಾಗೆ ಸವೆಯುವುದಿಲ್ಲ. ಅವಳು ಹೆಸರಿನ ಮೇಲೆ ಗಾಜು ಇಟ್ಟಳು. ಕಪ್ಪು ಅಕ್ಷರಗಳು ಚುಕ್ಕಿ ಚುಕ್ಕಿಯಾಗಿ ಒಡೆದವು. ಯಾರೋ ಹಳೆಯ ಪುಸ್ತಕದ ರಟ್ಟನ್ನು ಹರಿದು ಅದರ ಮೇಲೆ ಅಚ್ಚುಹಾಕಿದ್ದರು.

ತಲೆ ಎತ್ತುವ ಮುಂಚಿನ ಆ ಒಂದು ಗಳಿಗೆಯಲ್ಲಿ ಮೀರಾಳ ಮನಸ್ಸಿನಲ್ಲಿ ಏನೇನೋ ಹಾದುಹೋಯಿತು. ಸುಮ್ಮನಿದ್ದರೆ ಇವಳು ನಕಲಿಯನ್ನು ಎದೆಗವಚಿಕೊಂಡು ಹೋಗುತ್ತಾಳೆ, ಹೋಗಲಿ ಎನ್ನಿಸಿತು. ಹೇಳಿದರೆ ಇವಳ ಮುಖ ಬಾಡುತ್ತದೆ, ಅದನ್ನು ನೋಡಬೇಕೆಂದೂ ಎನ್ನಿಸಿತು. ಛಲೋ ಅದ ಎಂದು ಇವಳಂತೆಯೇ ಸುಳ್ಳು ಹೇಳಿ ಸೇಡು ತೀರಿಸಿಕೊಳ್ಳಬಹುದಿತ್ತು.

“ರಾಜಲಕ್ಷ್ಮಿ ಅವರೇ, ಇದು ರೀಪ್ರಿಂಟು. ಅಕ್ಷರ ನೋಡಿ.”

“ಇಲ್ಲ ಬಿಡ್ರಿ.”

“ನೋಡಿ ಮೊದ್ಲು.”

ರಾಜಲಕ್ಷ್ಮಿ ಗಾಜಿಗೆ ಬಾಗಿದಳು. ಬಹಳ ಹೊತ್ತು ಬಾಗಿಯೇ ಇದ್ದಳು. ಆಮೇಲೆ ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಮೀರಾ ಹಿಂದೆಯೇ ಹೋದಳು. ಪಾರ್ಕಿಂಗ್ ಜಾಗದಲ್ಲಿ ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು.

“ಬೇಕು ಅಂದ್ರ ಕಣ್ಣು ಕುರುಡಾಗ್ತಾವ,” ಎಂದಳು ರಾಜಲಕ್ಷ್ಮಿ. “ಅಕ್ಷರ ನೋಡಲೇ ಇಲ್ಲ ನಾನು. ಇಷ್ಟು ವರ್ಷ ಮಂದಿಗೆ ಹೇಳಿ, ನಾನ ನೋಡಲಿಲ್ಲ.”

“ನಿಮ್ಮ ಮುಖ ಬಾಡೋದನ್ನ ನೋಡ್ಬೇಕು ಅನ್ನಿಸ್ತು ನನಗೆ,” ಎಂದು ಮೀರಾ ಹೇಳಿಬಿಟ್ಟಳು.

“ನೋಡಿದ್ರಲ್ಲ?”

“ನೋಡ್ದೆ. ಏನೂ ಖುಷಿ ಆಗ್ಲಿಲ್ಲ. ಸ್ವಲ್ಪ ಆಯ್ತು, ಸುಳ್ಳು ಹೇಳಲ್ಲ.”

ರಾಜಲಕ್ಷ್ಮಿ ನಕ್ಕಳು. ಕಣ್ಣಲ್ಲಿ ನೀರಿತ್ತು. “ಅಡ್ಡಿ ಇಲ್ಲ. ಖರೇ ಹೇಳಿದ್ರಿ. ನಾನು ನಿಮಗ ಹೇಳಿರಲಿಲ್ಲ.” ಆಮೇಲೆ ಕಾರಿನ ಬೀಗ ತಿರುಗಿಸುತ್ತ, “ಭಾನುವಾರ ನಮ್ಮ ಮನೀಗೆ ಬರ್ರಿ. ಡಬ್ಬಿ ಪೂರಾ ತೆಗದು ಕೂಡೂಣು. ನೀವೊಬ್ಬರ ಬರ್ರಿ,” ಎಂದಳು.

ಮೀರಾ ಹೋದಳು. ಮುದುಕನ ಕಾರ್ಡುಗಳನ್ನು ಒಂದೊಂದಾಗಿ ಗಾಜಿನ ಕೆಳಗಿಟ್ಟು ಕತ್ತಲಾಗುವ ತನಕ ನೋಡಿದರು. ಎರಡು ಕಾರ್ಡುಗಳ ವಿಷಯದಲ್ಲಿ ಜೋರು ಜಗಳವನ್ನೇ ಆಡಿದರು. ಒಂದರಲ್ಲಿ ಮೀರಾ ಸೋತಳು, ಇನ್ನೊಂದು ತೀರ್ಮಾನವಾಗಲಿಲ್ಲ. ಮುಂದಿನ ವಾರವೂ ಹೋದಳು. ರಾಜಲಕ್ಷ್ಮಿಯ ಚುರುಕು ಕಂಡಾಗ ಅವಳಿಗೆ ಈಗಲೂ ಚುರ್ರೆನ್ನುತ್ತಿತ್ತು. ಆದರೆ ಈಗ ಅದು ಅವಳಷ್ಟು ಬೇಗ ತನಗೆ ಕಾಣಲಿಲ್ಲವಲ್ಲ ಎಂಬ ಉರಿ. ಅದನ್ನಿಟ್ಟುಕೊಂಡು ಮನೆಗೆ ಹೋಗಿ ಇನ್ನಷ್ಟು ಓದುವುದಕ್ಕೆ ಬರುತ್ತಿತ್ತು.

ಡಿಸೆಂಬರಿನ ಒಂದು ಭಾನುವಾರ ಅವಳು ಕೋಟು ಹಾಕಿಕೊಳ್ಳುತ್ತಿದ್ದಾಗ ಚಂದ್ರಮೋಹನ ಮೆಟ್ಟಿಲ ಮೇಲೆ ಬಂದು ನಿಂತ. ಗಡ್ಡ ಹೆರೆದುಕೊಂಡಿದ್ದ.

“ಅಷ್ಟೊತ್ತು ಏನು ಮಾತಾಡ್ತೀರ ನೀವಿಬ್ರೂ?”

“ಕಾರ್ಡು.”

“ಬರೀ ಕಾರ್ಡಾ? ಮೊನ್ನೆ ಫೋನಲ್ಲಿ ಇಬ್ರೂ ಬಿದ್ದು ಬಿದ್ದು ನಗ್ತಿದ್ರಿ.” ಅವನು ರೇಲಿಂಗಿನ ಮೇಲೆ ಬೆರಳಾಡಿಸಿದ. “ಬೇಸ್‌ಮೆಂಟಲ್ಲಿರೋದನ್ನ ನಾನೂ ತರ್ಬಹುದು, ಬೇಕಾದ್ರೆ. ಬರ್ಲಾ?”

ಮೀರಾ ಅವನ ಮುಖ ನೋಡಿದಳು. ಆ ಮುಖದಲ್ಲಿದ್ದದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಯ್ಯೋ ಪಾಪ ಎನ್ನಿಸಿತು. ಆದರೂ ಬೂಟಿನ ದಾರವನ್ನು ನಿಧಾನವಾಗಿ ಬಿಗಿದಳು.

“ಅವರನ್ನ ಕೇಳಿ ಹೇಳ್ತೀನಿ,” ಎಂದು ಕಾರಿನ ಕೀ ತೆಗೆದುಕೊಂಡು ಹೊರಟಳು.